ದೂರಕ್ಕೆ ವೇಗ ಸಮವಾಗುವುದು ಹೇಗೆ? ಆಯಾಮದ ಬಗ್ಗೆ ಒಂದು ಸಂದೇಹ

ಪ್ರಥಮ ಪಿಯುಸಿ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈ ವರ್ಷ ವಿಜ್ಞಾನ ವಿಭಾಗಕ್ಕೆ ಸೇರಿದ್ದೇನೆ. ಆಯಾಮ ಎಂದರೆ ಉದ್ದ, ಅಗಲ, ಎತ್ತರ ಎಂದು ತಿಳಿದಿದ್ದೆ. ಈಗ ವೇಗಕ್ಕೂ ಆಯಾಮವಿದೆ, ಬಲಕ್ಕೂ ಇದೆ ಎನ್ನುತ್ತಾರೆ. ಪುಸ್ತಕದಲ್ಲಿ ಎಂ (ದ್ರವ್ಯರಾಶಿ), ಎಲ್ (ಉದ್ದ), ಟಿ (ಕಾಲ) ಎಂಬ ಮೂರು ಅಕ್ಷರಗಳ ತಲೆಯ ಮೇಲೆ ಅಂಕಿಗಳನ್ನು ಹಾಕಿದ ಉದ್ದನೆಯ ಪಟ್ಟಿಯೇ ಇದೆ. ಬರೆಯುವುದನ್ನು ಕಲಿತಿದ್ದೇನೆ, ಆದರೆ ಏನನ್ನು ಬರೆಯುತ್ತಿದ್ದೇನೆ ಎಂಬುದು ತಿಳಿದಿಲ್ಲ.

ನನ್ನ ನಿಜವಾದ ತೊಡಕು ಇನ್ನೊಂದು. ಸಮೀಕರಣದ ಎರಡೂ ಬದಿಯ ಆಯಾಮ ಒಂದೇ ಆಗಿರಬೇಕು ಎಂದು ಕಲಿಸಿದರು. ಮರುವಾರವೇ ಈ ಸೂತ್ರ ಬಂತು:

ಎನ್‌ನೆಯ ಸೆಕೆಂಡಿನಲ್ಲಿ ಕ್ರಮಿಸಿದ ದೂರ = ಆರಂಭಿಕ ವೇಗ + ವೇಗೋತ್ಕರ್ಷ × (ಎನ್ − ½)

ಎಡಗಡೆ ದೂರವಿದೆ. ಬಲಗಡೆ ಮೊದಲ ಪದ ವೇಗ, ಎರಡನೆಯದು ವೇಗೋತ್ಕರ್ಷ. ಮೂರೂ ಬೇರೆ ಬೇರೆ. ಆದರೂ ಉತ್ತರ ಸರಿಯಾಗಿ ಬರುತ್ತದೆ. ವಿಶ್ರಾಂತ ಸ್ಥಿತಿಯಿಂದ ಹೊರಟು 10 ಮೀಟರ್/ಸೆಕೆಂಡ್² ವೇಗೋತ್ಕರ್ಷದಲ್ಲಿ ಚಲಿಸಿದರೆ ಮೂರನೆಯ ಸೆಕೆಂಡಿನಲ್ಲಿ 25 ಮೀಟರ್. ಬೇರೆ ದಾರಿಯಿಂದಲೂ ಮಾಡಿ ನೋಡಿದೆ: ಮೂರು ಸೆಕೆಂಡಿಗೆ 45, ಎರಡು ಸೆಕೆಂಡಿಗೆ 20, ವ್ಯತ್ಯಾಸ 25. ಹಾಗಾದರೆ ನಿಯಮ ತಪ್ಪೇ, ಸೂತ್ರ ತಪ್ಪೇ?

ದ್ವಿತೀಯ ಪಿಯುಸಿ ವಿದ್ಯಾರ್ಥಿ

ಅದೊಂದು ಅಪವಾದ ಎಂದು ಇಟ್ಟುಕೊಂಡುಬಿಡಿ. ನಾನು ಸಿಇಟಿಗೆ ಸಿದ್ಧನಾಗುತ್ತಿದ್ದೇನೆ. ಮೂವತ್ತು ನಲವತ್ತು ಆಯಾಮ ಸೂತ್ರಗಳನ್ನು ಬಾಯಿಪಾಠ ಮಾಡಿದರೆ ಸಾಕು, ಅಂಕ ಬರುತ್ತದೆ. ಇದರ ಮೇಲೆ ಹೆಚ್ಚು ಹೊತ್ತು ಕಳೆದರೆ ಮುಂದಿನ ಅಧ್ಯಾಯಗಳು ಹಿಂದೆ ಬೀಳುತ್ತವೆ. ಇದು ನನ್ನ ಅನುಭವದ ಮಾತು.

ಭೌತಶಾಸ್ತ್ರ ಉಪನ್ಯಾಸಕ

ಅಪವಾದವಲ್ಲ. ಈ ನಿಯಮಕ್ಕೆ ಅಪವಾದವೇ ಇಲ್ಲ. ಹಾಗಾಗಿ ಈ ಮಗುವಿನ ಪ್ರಶ್ನೆಯನ್ನು ಬದಿಗೆ ಸರಿಸುವುದು ಬೇಡ. ಪಾಠ ಮಾಡಲು ತೊಡಗಿದಾಗಿನಿಂದ ಈ ಪ್ರಶ್ನೆಗಾಗಿ ಕಾಯುವವನು ನಾನು. ವರ್ಷಕ್ಕೆ ಒಬ್ಬರೋ ಇಬ್ಬರೋ ಕೇಳುತ್ತಾರೆ.

ಮೊದಲು ಹೆಸರಿನ ಗೊಂದಲ. ಆಯಾಮ ಎಂಬ ಸಂಸ್ಕೃತ ಪದಕ್ಕೆ ಚಾಚುವಿಕೆ, ಹಿಗ್ಗು, ಉದ್ದ ಎಂಬ ಅರ್ಥಗಳಿವೆ. ಪ್ರಾಣಾಯಾಮದಲ್ಲಿ ಇರುವುದೂ ಇದೇ ಪದ. ಇದನ್ನು ನಾವು ಎರಡು ಕಡೆ ಬಳಸುತ್ತೇವೆ. ಕೋಣೆಗೆ ಮೂರು ಆಯಾಮ ಎನ್ನುವಾಗ ಎಷ್ಟು ದಿಕ್ಕುಗಳಲ್ಲಿ ಚಾಚಿದೆ ಎಂದು ಎಣಿಸುತ್ತೇವೆ. ವೇಗದ ಆಯಾಮ ಎನ್ನುವಾಗ ಕೇಳುವ ಪ್ರಶ್ನೆಯೇ ಬೇರೆ: ಅಳತೆಗೋಲನ್ನು ಬದಲಿಸಿದರೆ ಈ ಪರಿಮಾಣದ ಅಂಕಿ ಹೇಗೆ ಬದಲಾಗುತ್ತದೆ? ಇದಿಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದು ಕಷ್ಟವಲ್ಲ.

30 × 40ರ ಒಂದು ನಿವೇಶನ ತೆಗೆದುಕೊಳ್ಳೋಣ. ಅಡಿಯಲ್ಲಿ ಅಳೆದಿದ್ದೇವೆ. ಈಗ ಅಡಿಯ ಬದಲು ಗಜ ಹಿಡಿಯೋಣ. ಗಜ ಎಂದರೆ ಮೂರು ಅಡಿ. ಅಗಲ 30 ಇದ್ದದ್ದು 10 ಆಗುತ್ತದೆ, ಮೂರರಲ್ಲಿ ಒಂದು. ವಿಸ್ತೀರ್ಣ 1,200 ಚದರ ಅಡಿ ಇದ್ದದ್ದು ಸುಮಾರು 133 ಚದರ ಗಜವಾಗುತ್ತದೆ, ಒಂಬತ್ತರಲ್ಲಿ ಒಂದು. ಅದೇ ನಿವೇಶನದಲ್ಲಿ 6 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳದ ನೀರಿನ ಸಂಪ್ ಇದ್ದರೆ 216 ಘನ ಅಡಿ. ಗಜದ ಲೆಕ್ಕದಲ್ಲಿ ಬರೀ 8, ಇಪ್ಪತ್ತೇಳರಲ್ಲಿ ಒಂದು. ನೆಲ ಹಿಗ್ಗಲಿಲ್ಲ, ಕುಗ್ಗಲಿಲ್ಲ. ಕೋಲು ಮೂರು ಪಟ್ಟಾದಾಗ ಒಂದು ಅಂಕಿ ಮೂರರ ಒಂದನೆಯ ಘಾತದಷ್ಟು ಇಳಿಯಿತು, ಇನ್ನೊಂದು ಎರಡನೆಯ ಘಾತದಷ್ಟು, ಮತ್ತೊಂದು ಮೂರನೆಯ ಘಾತದಷ್ಟು. ಪುಸ್ತಕದಲ್ಲಿ ಅಕ್ಷರದ ತಲೆಯ ಮೇಲೆ ಕುಳಿತಿರುವ ಅಂಕಿ ಇದೇ.

ಕಾಲಕ್ಕೂ ಹೀಗೆಯೇ. ಗುರುತ್ವ ವೇಗೋತ್ಕರ್ಷ 9.8 ಮೀಟರ್/ಸೆಕೆಂಡ್². ಸೆಕೆಂಡಿನ ಬದಲು ನಿಮಿಷ ಹಿಡಿದರೆ ಅಂಕಿ 60 ಪಟ್ಟಲ್ಲ, 3,600 ಪಟ್ಟು ಏರಿ 35,280 ಆಗುತ್ತದೆ. ಉದ್ದ × ಕಾಲ⁻² ಎಂದು ಬರೆಯುವುದರ ಅರ್ಥ ಅಷ್ಟೇ. ಈ ಆಲೋಚನೆಯನ್ನು ಮೊದಲು ಕ್ರಮವಾಗಿ ಬಳಸಿದವನು ಫ್ರಾನ್ಸಿನ ಫೂರಿಯೇ, 1822ರಲ್ಲಿ, ಉಷ್ಣದ ಹರಿವಿನ ಬಗ್ಗೆ ಬರೆದ ಗ್ರಂಥದಲ್ಲಿ.

ಈಗ ನಿನ್ನ ಸೂತ್ರಕ್ಕೆ ಬಾ. ಕೋಲು ಬದಲಿಸಿ ಪರೀಕ್ಷಿಸೋಣ. ವಿಶ್ರಾಂತ ಸ್ಥಿತಿಯಿಂದ ಹೊರಟ ಗಾಡಿ, ವೇಗೋತ್ಕರ್ಷ 2 ಮೀಟರ್/ಸೆಕೆಂಡ್², ಎನ್ = 1. ಸೂತ್ರ ಕೊಡುವ ಉತ್ತರ 1 ಮೀಟರ್. ಕಾಲವನ್ನು ನಿಮಿಷದಲ್ಲಿ ಅಳೆದರೆ ವೇಗೋತ್ಕರ್ಷ 7,200 ಮೀಟರ್/ನಿಮಿಷ². ಎನ್ = 1 ಹಾಕಿದರೆ ಉತ್ತರ 3,600 ಮೀಟರ್! ಎರಡೂ ಸರಿಯೇ. ಮೊದಲನೆಯದು ಮೊದಲ ಸೆಕೆಂಡಿನಲ್ಲಿ ಹೋದ ದೂರ, ಎರಡನೆಯದು ಮೊದಲ ನಿಮಿಷದಲ್ಲಿ ಹೋದ ದೂರ. ಕೋಲು ಬದಲಾದ ಕೂಡಲೇ ಸೂತ್ರ ಬೇರೊಂದು ಪ್ರಶ್ನೆಗೆ ಉತ್ತರ ಹೇಳತೊಡಗಿತು. ಎಂದರೆ ಅದರೊಳಗೆ "ಒಂದು ಏಕಮಾನ ಕಾಲ" ಎಂಬುದೊಂದು ಅಡಗಿ ಕುಳಿತಿದೆ. ಬೆಲೆ 1 ಆದ್ದರಿಂದ ಬರೆಯುವಾಗ ಬಿಟ್ಟಿದ್ದಾರೆ. ಪೂರ್ತಿಯಾಗಿ ಬರೆದರೆ ಹೀಗೆ:

ದೂರ = ಆರಂಭಿಕ ವೇಗ × (1 ಸೆಕೆಂಡ್) + ವೇಗೋತ್ಕರ್ಷ × (1 ಸೆಕೆಂಡ್)² × (ಎನ್ − ½)

ಇಲ್ಲಿ ಎನ್ ಬರಿಯ ಎಣಿಕೆ. ಈಗ ಪ್ರತಿ ಪದವೂ ಉದ್ದವೇ. ಒಂದರಿಂದ ಗುಣಿಸಿದರೆ ಅಂಕಿ ಬದಲಾಗುವುದಿಲ್ಲ, ಒಂದು ಸೆಕೆಂಡಿನಿಂದ ಗುಣಿಸಿದರೆ ಆಯಾಮ ಬದಲಾಗುತ್ತದೆ.

ಪ್ರಥಮ ಪಿಯುಸಿ ವಿದ್ಯಾರ್ಥಿನಿ

ಸರ್, ನಿಮಿಷದ ಲೆಕ್ಕವನ್ನು ನಾನೂ ಮಾಡಿ ನೋಡಿದೆ, ತುಂಬ ಸಂತೋಷವಾಯಿತು. ಆದರೆ ಇನ್ನೊಂದು ಸಂದೇಹ. ಮೀಟರ್ ಎನ್ನುವುದಕ್ಕೂ ಉದ್ದ ಎನ್ನುವುದಕ್ಕೂ ಇರುವ ವ್ಯತ್ಯಾಸ ಈಗ ತಿಳಿಯಿತು. ಕೋನದ ವಿಷಯ ತಿಳಿಯಲಿಲ್ಲ. ಕೋನಕ್ಕೆ ಡಿಗ್ರಿ, ರೇಡಿಯನ್ ಎಂಬ ಏಕಮಾನಗಳಿವೆ, ಆದರೂ ಆಯಾಮವಿಲ್ಲ ಎನ್ನುತ್ತಾರೆ. ಏಕಮಾನವಿದ್ದ ಮೇಲೆ ಆಯಾಮ ಇರಬೇಡವೇ?

ಗಣಿತ ಶಿಕ್ಷಕಿ

ಈ ಪ್ರಶ್ನೆಗೆ ನಾನು ಉತ್ತರಿಸಬಹುದೇ? ಕೋನವನ್ನು ರೇಡಿಯನ್‌ನಲ್ಲಿ ಹೇಗೆ ಹೇಳುತ್ತೇವೆ? ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸುತ್ತೇವೆ. ಉದ್ದವನ್ನು ಉದ್ದದಿಂದ ಭಾಗಿಸಿದ್ದರಿಂದ ಅಡಿ ಹಿಡಿದರೂ ಗಜ ಹಿಡಿದರೂ ಅದೇ ಅಂಕಿ. ಸರ್ ಹೇಳಿದ ಪರೀಕ್ಷೆಯ ಪ್ರಕಾರ ಘಾತ ಸೊನ್ನೆ, ಹಾಗಾಗಿ ಆಯಾಮರಹಿತ. ಡಿಗ್ರಿ ಎಂಬುದು π/180 ಎಂಬ ಸಂಖ್ಯೆಗೆ ಇಟ್ಟ ಹೆಸರು, ಹನ್ನೆರಡಕ್ಕೆ ಡಜನ್ ಎಂದು ಹೆಸರಿಟ್ಟ ಹಾಗೆ. ಡಜನ್‌ಗೆ ಆಯಾಮ ಹುಡುಕುವುದಿಲ್ಲವಲ್ಲ.

ಇದಕ್ಕೆ ಸೇರಿದ ಇನ್ನೊಂದು ಮಾತನ್ನು ವಿಜ್ಞಾನದ ಮಕ್ಕಳು ತಿಳಿದಿರಲೇಬೇಕು. ಸೈನ್, ಲಾಗ್, ಘಾತೀಯ ಫಲನಗಳ ಒಳಗೆ ಆಯಾಮವಿರುವ ಯಾವುದನ್ನೂ ಇಡುವಂತಿಲ್ಲ. ಕಾರಣ ಸರಳ. ಘಾತೀಯ ಫಲನವನ್ನು ಶ್ರೇಢಿಯಾಗಿ ಬಿಡಿಸಿದರೆ 1 + ಎಕ್ಸ್ + ಎಕ್ಸ್²/2 + … ಎಂದು ಸಾಗುತ್ತದೆ. ಎಕ್ಸ್ ಐದು ಮೀಟರ್ ಆಗಿದ್ದರೆ ಬರಿ ಸಂಖ್ಯೆಗೆ ಉದ್ದವನ್ನು, ಉದ್ದಕ್ಕೆ ವಿಸ್ತೀರ್ಣವನ್ನು ಕೂಡಿಸಿದ ಹಾಗಾಗುತ್ತದೆ. ವಿಕಿರಣ ಕ್ಷಯದ ಸೂತ್ರದಲ್ಲಿ ಕಾಲದ ಪಕ್ಕದಲ್ಲಿ ಕ್ಷಯ ಸ್ಥಿರಾಂಕ ಏಕೆ ಇರುತ್ತದೆ ಎಂದು ಮುಂದಿನ ವರ್ಷ ನೋಡಿದಾಗ ಈ ಮಾತು ನೆನಪಿಗೆ ಬರಲಿ. ಕಾಲದ ಆಯಾಮವನ್ನು ಅಳಿಸುವುದಕ್ಕೇ ಅದು ಅಲ್ಲಿರುವುದು.

ನಿವೃತ್ತ ನೀರಾವರಿ ಎಂಜಿನಿಯರ್, ಮಂಡ್ಯ

ಮಕ್ಕಳ ಪಾಠದ ನಡುವೆ ಬಂದಿದ್ದಕ್ಕೆ ಕ್ಷಮೆಯಿರಲಿ. ಆಯಾಮ ಪರೀಕ್ಷೆಯ ವಿಷಯ ಮಾತ್ರವಲ್ಲ ಎಂದು ಹೇಳಲೇಬೇಕು ಅನ್ನಿಸಿತು. ನಮ್ಮ ಜಿಲ್ಲೆಯಲ್ಲಿ ಮಳೆಗಾಲ ಬಂದರೆ ಬೆಳಿಗ್ಗೆ ಪತ್ರಿಕೆ ಬಿಡಿಸಿ ಮೊದಲು ನೋಡುವುದು ಕೆಆರ್‌ಎಸ್ ಮಟ್ಟವನ್ನು. ಅಲ್ಲಿ ಮೂರು ಬಗೆಯ ಅಂಕಿಗಳಿರುತ್ತವೆ. ಗರಿಷ್ಠ ಮಟ್ಟ 124.80 ಅಡಿ: ಇದು ಉದ್ದ. ಗರಿಷ್ಠ ಸಂಗ್ರಹ 49.45 ಟಿಎಂಸಿ ಅಡಿ: ಇದು ಉದ್ದದ ಮೂರನೆಯ ಘಾತ. ಒಳಹರಿವು, ಹೊರಹರಿವು ಇಂತಿಷ್ಟು ಕ್ಯುಸೆಕ್: ಇದು ಉದ್ದ³ × ಕಾಲ⁻¹. ಮೂರನ್ನೂ "ನೀರು" ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಗೊಂದಲ ಹುಟ್ಟುವುದು ಅಲ್ಲೇ.

ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಎಷ್ಟು ಕ್ಯುಸೆಕ್‌ಗೆ ಒಂದು ಟಿಎಂಸಿ ಎಂದು ಕೇಳುವವರನ್ನು ಸೇವೆಯಲ್ಲಿದ್ದಷ್ಟು ಕಾಲವೂ ಕಂಡಿದ್ದೇನೆ, ಓದಿದವರೂ ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರವೇ ಇಲ್ಲ, ಎಷ್ಟು ಹೊತ್ತು ಎಂದು ಹೇಳುವವರೆಗೆ. ದಿನಕ್ಕೆ 86,400 ಸೆಕೆಂಡು. 11,574 ಕ್ಯುಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ.

2023ರ ಬರದಲ್ಲಿ ತಮಿಳುನಾಡಿಗೆ 15 ದಿನ 5,000 ಕ್ಯುಸೆಕ್ ಬಿಡಬೇಕೆಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹೇಳಿದಾಗ ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಇದೇ ಮಾತು. "ದಿನಕ್ಕೆ 5,000 ಕ್ಯುಸೆಕ್" ಎಂದು ಎಲ್ಲರ ಬಾಯಲ್ಲೂ ಬರುತ್ತಿತ್ತು. ಅಕ್ಷರಶಃ ತೆಗೆದುಕೊಂಡರೆ ಹರಿವು ದಿನದಿನಕ್ಕೆ 5,000 ಕ್ಯುಸೆಕ್‌ನಂತೆ ಏರುತ್ತಾ ಹೋಗುತ್ತದೆ ಎಂದಾಗುತ್ತದೆ. ಕಾಲದಿಂದ ಎರಡು ಸಲ ಭಾಗಿಸಿಬಿಟ್ಟಿದ್ದೇವೆ. ಸರಿಯಾದ ಲೆಕ್ಕ: 5,000 × 86,400 × 15, ಅಂದರೆ ಸುಮಾರು ಆರೂವರೆ ಟಿಎಂಸಿ. ಆರೂವರೆ ಟಿಎಂಸಿ ಎಂದಾಗ ರೈತ ಅದನ್ನು ಜಲಾಶಯದಲ್ಲಿರುವ ನೀರಿನ ಜೊತೆ ಹೋಲಿಸಿ ನೋಡಬಲ್ಲ. ಕ್ಯುಸೆಕ್ ಎಂದಷ್ಟೇ ಹೇಳಿದರೆ ಹೋಲಿಸಲು ಬಾರದು, ಆಯಾಮವೇ ಬೇರೆ.

ವಿದ್ಯುತ್ ಬಿಲ್ಲಿನಲ್ಲಿಯೂ ಇದೇ ಕಥೆ: ಕಿಲೋವ್ಯಾಟ್ ಸಾಮರ್ಥ್ಯ, ಯೂನಿಟ್ ಎಂದು ನಾವು ಕರೆಯುವ ಕಿಲೋವ್ಯಾಟ್-ಗಂಟೆ ಶಕ್ತಿ.

ದ್ವಿತೀಯ ಪಿಯುಸಿ ವಿದ್ಯಾರ್ಥಿ

ಸರ್, ಅಪವಾದ ಎಂದ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಅಡಗಿದ ಆ ಒಂದು ಸೆಕೆಂಡಿನ ವಿಚಾರ ನನಗೆ ಗೊತ್ತಿರಲಿಲ್ಲ. ಪಟ್ಟಿಯನ್ನು ಬಾಯಿಪಾಠ ಮಾಡುವಾಗ ನನಗೂ ಒಂದು ಸಂದೇಹ ಬಂದಿತ್ತು, ಕೇಳಲಿಲ್ಲ. ಕೆಲಸಕ್ಕೂ, ಬಲದ ತಿರುಗಿಸುವ ಪ್ರಭಾವವಾದ ಟಾರ್ಕ್‌ಗೂ ಒಂದೇ ಆಯಾಮ: ದ್ರವ್ಯರಾಶಿ × ಉದ್ದ² × ಕಾಲ⁻². ಹಾಗಾದರೆ ಎರಡೂ ಒಂದೇ ಅಲ್ಲವೇ?

ಭೌತಶಾಸ್ತ್ರ ಉಪನ್ಯಾಸಕ

ಹಿಂದಿನ ಮಾತನ್ನು ತಿದ್ದಿಕೊಂಡದ್ದು ಒಳ್ಳೆಯದಾಯಿತು. ಮನೆಯಲ್ಲಿ ಬೀಸುವ ಕಲ್ಲು ಉಳಿದಿದ್ದರೆ ಹೋಗಿ ಅದರ ಗೂಟ ಹಿಡಿ. ಯಾರಾದರೂ ಕಲ್ಲನ್ನು ಅಲುಗದಂತೆ ಒತ್ತಿಕೊಳ್ಳಲಿ. ನೀನು ಎಷ್ಟು ತಳ್ಳಿದರೂ ಕಲ್ಲು ತಿರುಗುವುದಿಲ್ಲ. ಟಾರ್ಕ್ ಇದೆ, ಕೆಲಸ ಸೊನ್ನೆ. ಕಲ್ಲು ತಿರುಗತೊಡಗಿದ ಮೇಲೆ ಟಾರ್ಕನ್ನು ತಿರುಗಿದ ಕೋನದಿಂದ ಗುಣಿಸಿದರೆ ಕೆಲಸ ಸಿಗುತ್ತದೆ. ಕೋನಕ್ಕೆ ಆಯಾಮವಿಲ್ಲವೆಂದು ಮೇಡಂ ಹೇಳಿದ್ದಾರೆ. ಹಾಗಾಗಿ ಆಯಾಮದ ಕಣ್ಣಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಆಯಾಮ ಬೇರೆಯಾದರೆ ವಸ್ತುವೂ ಬೇರೆ ಎಂದು ಖಚಿತವಾಗಿ ಹೇಳಬಹುದು. ಆಯಾಮ ಒಂದೇ ಆದರೆ ವಸ್ತು ಒಂದೇ ಎನ್ನಲಾಗದು. ಟಾರ್ಕ್‌ಗೆ ನ್ಯೂಟನ್-ಮೀಟರ್ ಎಂದೇ ಬರೆಯುತ್ತೇವೆ, ಜೂಲ್ ಎನ್ನುವುದಿಲ್ಲ, ಇದೇ ಕಾರಣಕ್ಕೆ.

ಬಾಯಿಪಾಠದ ಬಗ್ಗೆ ಒಂದು ಮಾತು. ನಲವತ್ತನ್ನು ನೆನಪಿಡುವ ಬದಲು ನಾಲ್ಕು ವ್ಯಾಖ್ಯೆಗಳನ್ನು ನೆನಪಿಡು, ಉಳಿದವು ತಾವಾಗಿ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಸೂತ್ರ ಮರೆತಾಗ ಆಯಾಮ ನಿನ್ನ ಕೈ ಹಿಡಿಯುತ್ತದೆ. ಲೋಲಕದ ಆವರ್ತ ಕಾಲದ ಸೂತ್ರದಲ್ಲಿ ವರ್ಗಮೂಲದೊಳಗೆ ಉದ್ದ ಮೇಲೋ, ಗುರುತ್ವ ವೇಗೋತ್ಕರ್ಷ ಮೇಲೋ? ಉದ್ದವನ್ನು ಉದ್ದ × ಕಾಲ⁻² ಎಂಬುದರಿಂದ ಭಾಗಿಸಿದರೆ ಕಾಲ² ಉಳಿಯುತ್ತದೆ, ವರ್ಗಮೂಲ ತೆಗೆದರೆ ಕಾಲ. ಉದ್ದವೇ ಮೇಲೆ. ಗುಂಡಿನ ದ್ರವ್ಯರಾಶಿ ಎಲ್ಲಿ ಹೋಯಿತು? ಅದನ್ನು ಸೂತ್ರದೊಳಗೆ ತಂದರೆ ಅಳಿಸುವವರು ಯಾರೂ ಇಲ್ಲ, ಏಕೆಂದರೆ ಉಳಿದ ಎರಡರಲ್ಲೂ ದ್ರವ್ಯರಾಶಿಯ ಸುಳಿವಿಲ್ಲ. ಹಾಗಾಗಿ ಭಾರದ ಗುಂಡೂ ಹಗುರ ಗುಂಡೂ ಒಂದೇ ಕಾಲದಲ್ಲಿ ತೂಗಬೇಕು. ಯಾವ ಪ್ರಯೋಗವನ್ನೂ ಮಾಡದೆ ಈ ತೀರ್ಮಾನಕ್ಕೆ ಬಂದೆವು. ಇಷ್ಟು ವರ್ಷಗಳ ನಂತರವೂ ಈ ಜಾಗಕ್ಕೆ ಬಂದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಮಿತಿಯನ್ನೂ ಹೇಳಬೇಕು. 2π ಈ ದಾರಿಯಲ್ಲಿ ಸಿಗದು. ಎಷ್ಟು ಅಗಲಕ್ಕೆ ತೂಗಿಬಿಟ್ಟೆವು ಎಂಬ ಕೋನವೂ ಆಯಾಮರಹಿತ, ಅದು ಸೂತ್ರದೊಳಗೆ ನುಸುಳಿದರೂ ಆಯಾಮ ತಡೆಯುವುದಿಲ್ಲ. ನಿಜವಾಗಿಯೂ ದೊಡ್ಡ ಕೋನಗಳಲ್ಲಿ ಆವರ್ತ ಕಾಲ ಸ್ವಲ್ಪ ಹೆಚ್ಚುತ್ತದೆ.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಈ ಚರ್ಚೆಗೆ ಸೇರಬೇಕಾದ ಒಂದು ಘಟನೆ ಇದೆ. ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹವನ್ನು ತಲುಪಿದಾಗಲೇ ನಾಶವಾಯಿತು. ಭೂಮಿಯ ಮೇಲಿನ ಒಂದು ತಂತ್ರಾಂಶ ಆವೇಗವನ್ನು ಪೌಂಡ್-ಬಲ ಸೆಕೆಂಡಿನಲ್ಲಿ ಕೊಡುತ್ತಿತ್ತು, ಅದನ್ನು ಬಳಸುವ ತಂತ್ರಾಂಶ ನ್ಯೂಟನ್ ಸೆಕೆಂಡ್ ಎಂದು ಓದಿಕೊಳ್ಳುತ್ತಿತ್ತು. 4.45 ಪಟ್ಟು ವ್ಯತ್ಯಾಸ. ನೌಕೆ ಲೆಕ್ಕ ಹಾಕಿದ್ದಕ್ಕಿಂತ ತೀರಾ ಕೆಳಗೆ ವಾತಾವರಣದೊಳಕ್ಕೆ ಹೋಯಿತು. ಆಯಾಮವನ್ನು ಪರೀಕ್ಷಿಸಿದ್ದರೆ ಇದು ತಪ್ಪುತ್ತಿತ್ತು.

ಭೌತಶಾಸ್ತ್ರ ಉಪನ್ಯಾಸಕ

ಘಟನೆ ನಿಜ, ಕೊನೆಯ ವಾಕ್ಯವನ್ನು ಒಪ್ಪಲಾರೆ. ಪೌಂಡ್-ಬಲ ಸೆಕೆಂಡಿಗೂ ನ್ಯೂಟನ್ ಸೆಕೆಂಡಿಗೂ ಆಯಾಮ ಒಂದೇ, ಎರಡೂ ಬಲ × ಕಾಲ. ಆಯಾಮದ ಪರೀಕ್ಷೆ ಎರಡನ್ನೂ ಸಲೀಸಾಗಿ ಒಳಗೆ ಬಿಡುತ್ತಿತ್ತು. ಅಲ್ಲಿ ಬೇಕಾಗಿದ್ದದ್ದು ಏಕಮಾನದ ಪರೀಕ್ಷೆ. ಅಂಕಿಯ ಜೊತೆ ಏಕಮಾನವನ್ನೂ ಹೊತ್ತೊಯ್ಯುವಂತೆ ತಂತ್ರಾಂಶವನ್ನು ಬರೆದಿದ್ದರೆ ಸಿಕ್ಕಿಬೀಳುತ್ತಿತ್ತು. ಮಕ್ಕಳು ಈ ಎರಡನ್ನು ಬೆರೆಸಬಾರದೆಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ, ಬೇಸರಿಸಬೇಡಿ.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಒಪ್ಪಿದೆ ಸರ್. ಇಷ್ಟು ದಿನ ಇದನ್ನು ತಪ್ಪು ಉದಾಹರಣೆಯಾಗಿ ಹೇಳುತ್ತಿದ್ದೆ.

ಸಂಶೋಧನಾ ವಿದ್ಯಾರ್ಥಿ

ತಪ್ಪು ಹಿಡಿಯುವುದಕ್ಕಷ್ಟೇ ಅಲ್ಲ, ಗೊತ್ತಿಲ್ಲದ್ದನ್ನು ಕಂಡುಹಿಡಿಯುವುದಕ್ಕೂ ಆಯಾಮ ಬರುತ್ತದೆ ಎಂಬುದಕ್ಕೆ ನನ್ನ ಮೆಚ್ಚಿನ ಪ್ರಸಂಗ ಇದು. 1945ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮೊದಲ ಪರಮಾಣು ಬಾಂಬನ್ನು ಸ್ಫೋಟಿಸಿದರು. ಬೆಂಕಿಯ ಗೋಳದ ಚಿತ್ರಗಳು ಆಮೇಲೆ ಪ್ರಕಟವಾದವು, ಪ್ರತಿ ಚಿತ್ರದಲ್ಲೂ ಕಾಲವೂ ಅಳತೆಯೂ ಇದ್ದವು. ಬ್ರಿಟನ್ನಿನ ಭೌತವಿಜ್ಞಾನಿ ಜಿ. ಐ. ಟೇಲರ್ ಆ ಚಿತ್ರಗಳಿಂದಲೇ ಸ್ಫೋಟದ ಶಕ್ತಿಯನ್ನು ಅಂದಾಜು ಮಾಡಿ 1950ರಲ್ಲಿ ಪ್ರಕಟಿಸಿದರು.

ಗೋಳದ ತ್ರಿಜ್ಯ ಯಾವುದನ್ನು ಅವಲಂಬಿಸಬಹುದು? ಸ್ಫೋಟದ ಶಕ್ತಿ, ಗಾಳಿಯ ಸಾಂದ್ರತೆ, ಕಳೆದ ಕಾಲ. ಶಕ್ತಿ: ದ್ರವ್ಯರಾಶಿ × ಉದ್ದ² × ಕಾಲ⁻². ಸಾಂದ್ರತೆ: ದ್ರವ್ಯರಾಶಿ × ಉದ್ದ⁻³. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ದ್ರವ್ಯರಾಶಿ ಅಳಿದು ಉದ್ದ⁵ × ಕಾಲ⁻² ಉಳಿಯುತ್ತದೆ. ಕಾಲ²ದಿಂದ ಗುಣಿಸಿದರೆ ಉದ್ದ⁵. ಆದ್ದರಿಂದ ತ್ರಿಜ್ಯದ ಐದನೆಯ ಘಾತ = ಶಕ್ತಿ × ಕಾಲ² ÷ ಸಾಂದ್ರತೆ, ಮುಂದೊಂದು ಸಂಖ್ಯೆ. ಆ ಸಂಖ್ಯೆ 1ಕ್ಕೆ ಬಹಳ ಹತ್ತಿರವೆಂದು ಟೇಲರ್ ಕಷ್ಟದ ಗಣಿತದಿಂದ ಮೊದಲೇ ತೋರಿಸಿದ್ದರು. 0.025 ಸೆಕೆಂಡಿನಲ್ಲಿ ತ್ರಿಜ್ಯ ಸುಮಾರು 140 ಮೀಟರ್. ಗಾಳಿಯ ಸಾಂದ್ರತೆ 1.2 ಕಿಲೋಗ್ರಾಂ/ಘನ ಮೀಟರ್ ಎಂದು ಹಿಡಿದರೆ ಶಕ್ತಿ ಹತ್ತಿರಹತ್ತಿರ 10¹⁴ ಜೂಲ್, ಅಂದರೆ ಸುಮಾರು 25,000 ಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮ. ನಿಜದ ಬೆಲೆಯೂ ಆ ಸುತ್ತಿನಲ್ಲೇ ಇದೆ.

ಆದರೆ ಯಾವ ಮೂರು ಪರಿಮಾಣಗಳು ಮುಖ್ಯ ಎಂದು ಆಯ್ದುಕೊಳ್ಳುವುದನ್ನು ಆಯಾಮ ಹೇಳಿಕೊಡುವುದಿಲ್ಲ. ಹೊರಗಿನ ಗಾಳಿಯ ಒತ್ತಡ ಈ ಹಂತದಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಗುರುತಿಸಿದ್ದರಲ್ಲಿ ಟೇಲರ್ ಅವರ ಭೌತಶಾಸ್ತ್ರವಿದೆ.

ಪ್ರಥಮ ಪಿಯುಸಿ ವಿದ್ಯಾರ್ಥಿನಿ

ಎಲ್ಲರಿಗೂ ಧನ್ಯವಾದಗಳು. ಟೇಲರ್ ಅವರ ಲೆಕ್ಕವನ್ನು ನಾನೇ ಮಾಡಿ ನೋಡಿದೆ, ಬಂತು. ಲೋಲಕವನ್ನೂ ಮಾಡಿದೆ. ಅಮ್ಮನ ಹೊಲಿಗೆ ದಾರಕ್ಕೆ ಬೀಗ ಕಟ್ಟಿ, ಒಂದು ಮೀಟರ್ ಉದ್ದಕ್ಕೆ 20 ತೂಗಾಟ ಎಣಿಸಿದೆ, ಸುಮಾರು 40 ಸೆಕೆಂಡು. ಎರಡು ಬೀಗ ಕಟ್ಟಿದಾಗಲೂ ಹೆಚ್ಚುಕಡಿಮೆ ಅಷ್ಟೇ. ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದರೆ 20 ಸೆಕೆಂಡು. ಉದ್ದ ನಾಲ್ಕರಲ್ಲಿ ಒಂದಾದಾಗ ಕಾಲ ಅರ್ಧವಾಯಿತು, ವರ್ಗಮೂಲ ಕಣ್ಣಿಗೆ ಕಂಡಿತು.

ಎಂಜಿನಿಯರ್ ಸರ್, ನೀವು ಬರೆದದ್ದನ್ನು ಓದಿ ನಾನೇ ಒಂದು ಲೆಕ್ಕ ಹಾಕಿಕೊಂಡೆ. ಒಳಹರಿವು 20,000 ಕ್ಯುಸೆಕ್, ಹೊರಹರಿವು 5,000 ಕ್ಯುಸೆಕ್ ಇದ್ದರೆ ಜಲಾಶಯಕ್ಕೆ 10 ಟಿಎಂಸಿ ಸೇರಲು ಎಷ್ಟು ದಿನ? ದಿನಕ್ಕೆ 15,000 × 86,400, ಅಂದರೆ 1.296 ಟಿಎಂಸಿ. ಘನ ಅಡಿಯನ್ನು ಘನ ಅಡಿ/ದಿನದಿಂದ ಭಾಗಿಸಿದರೆ ದಿನ ಉಳಿಯುತ್ತದೆ: 7.7 ದಿನ. ಸರಿಯೇ? ಹಾಗೆಯೇ ಮಟ್ಟ ಒಂದು ಅಡಿ ಏರಿದರೆ ಎಷ್ಟು ಟಿಎಂಸಿ ಎಂದು ಕಂಡುಹಿಡಿಯಲು ಹೊರಟೆ, ಅಡಿಯಿಂದ ಘನ ಅಡಿಗೆ ಹೋಗಲು ದಾರಿ ಸಿಗಲಿಲ್ಲ.

ನಿವೃತ್ತ ನೀರಾವರಿ ಎಂಜಿನಿಯರ್, ಮಂಡ್ಯ

ಲೆಕ್ಕ ಸರಿಯಾಗಿದೆ ಮಗಳೇ, ಹರಿವು ಆ ಎಂಟು ದಿನವೂ ಅಷ್ಟೇ ಇದ್ದರೆ. ದಾರಿ ಸಿಗದಿದ್ದದ್ದೂ ಸರಿಯೇ. ಉದ್ದದಿಂದ ಉದ್ದ³ಕ್ಕೆ ಹೋಗಲು ನಡುವೆ ಉದ್ದ² ಬೇಕು, ಅಂದರೆ ನೀರು ಹರಡಿರುವ ವಿಸ್ತೀರ್ಣ. ಅದು ಎಲ್ಲ ಮಟ್ಟದಲ್ಲೂ ಒಂದೇ ಇರುವುದಿಲ್ಲ. ಕಣಿವೆ ಮೇಲೆ ಅಗಲ, ಕೆಳಗೆ ಕಿರಿದು. 124ನೆಯ ಅಡಿಯಲ್ಲಿ ನಿಲ್ಲುವಷ್ಟು ನೀರು 80ನೆಯ ಅಡಿಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಪ್ರತಿ ಜಲಾಶಯಕ್ಕೂ ಮಟ್ಟಕ್ಕೆ ತಕ್ಕ ಸಂಗ್ರಹದ ಕೋಷ್ಟಕವನ್ನು ಅಳೆದು ಮಾಡಿಟ್ಟಿರುತ್ತಾರೆ, ಹೂಳು ತುಂಬಿದಂತೆಲ್ಲ ಅದನ್ನು ಮತ್ತೆ ಅಳೆದು ತಿದ್ದಬೇಕಾಗುತ್ತದೆ. ಬೇಸಿಗೆಯಲ್ಲಿ ದಿನವೂ ಒಂದೇ ಸಮನಾಗಿ ನೀರು ಬಿಟ್ಟರೂ ಮಟ್ಟ ಮೊದಲು ನಿಧಾನವಾಗಿ, ಆಮೇಲೆ ಬೇಗಬೇಗ ಇಳಿಯುವುದೂ ಇದರಿಂದಲೇ. ಮುಂದಿನ ಬೇಸಿಗೆಯಲ್ಲಿ ಪತ್ರಿಕೆಯ ಅಂಕಿಗಳನ್ನು ದಿನವೂ ಬರೆದಿಟ್ಟುಕೋ, ನಿನಗೇ ಕಾಣುತ್ತದೆ.